ಸೋಮವಾರ ದಾಟದ ಸಾರಗ್ರಾಹಿ

"ಅತ್ತಿಗೆ, ಒಂದು ವಾರದ ವಿಚಾರಣೆ ಅರ್ಧ ಗಂಟೇಲಿ ಮುಗಿಯತ್ತೆ. ಕಣ್ಣು ಬಿಡೋದೇ ಬೇಡ, ಕಿವಿ ಕೊಟ್ರೆ ಸಾಕು," ಎನ್ನುತ್ತ ಶಿವಸ್ವಾಮಿ ಹಿತ್ತಾಳೆ ಕೊಳಗದಂಥ ಯಂತ್ರವನ್ನು ಊಟದ ಮೇಜಿನ ಮೇಲೆ ಕುಕ್ಕಿದ. ಉದ್ದದ ಕಲಾಪವನ್ನು ಚುಟುಕಾಗಿಸಿ ಹೇಳಬೇಕಾದ ಅದಕ್ಕೆ ಸಾರಗ್ರಾಹಿ ಎಂದು ಅವನೇ ಹೆಸರಿಟ್ಟಿದ್ದ. ಅವನ ಹಿಂದಿನ ಯಂತ್ರ ದೋಸೆ ಮಗುಚಲು ಹೋಗಿ ಒಲೆಯನ್ನೇ ಮಗುಚಿತ್ತು.

ಗಿರಿಜಾಂಬ ಕಣ್ಣಿನ ಪೊರೆ ತೆಗೆಸಿಕೊಂಡು, ಪೇಪರು ಟೀವಿ ಎರಡೂ ಇಲ್ಲದೆ ವಾರದಿಂದ ಮಲಗಿದ್ದಳು. ಅದೇ ವಾರ ಸಂಸತ್ತಿನಲ್ಲಿ ಅವಳ ತಮ್ಮ, ನ್ಯಾಯಮೂರ್ತಿ ಚಂದ್ರಮೌಳಿಯ ವಾಗ್ದಂಡನೆಯ ವಿಚಾರಣೆ ನಡೆದಿತ್ತು. ಊರ ಕೆರೆಯಂಗಳವೊಂದನ್ನು ತೀರ್ಪಿನ ಮೂಲಕ ತನ್ನ ಬೀಗರಿಗೇ ಕೊಡಿಸಿದನೆಂದು ಆರೋಪ. ಮತದಾನ ನಿನ್ನೆಯೇ ಆಗಿತ್ತು. ಫಲವನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಬೆಳಿಗ್ಗೆ ತಮ್ಮನ ಫೋನು ಬಂದಿತ್ತು. "ಸಂಜೆಗೆ ಹಾಸನಕ್ಕೆ ಬರ್ತೀನಕ್ಕ. ಅಷ್ಟರಲ್ಲಿ ಎಲ್ಲಾ ಕೇಳಿರು. ಕೇಳಿದ ಮೇಲೂ ಬಾ ಅಂದ್ರೆ ಒಳಗೆ ಬರ್ತೀನಿ, ಇಲ್ಲದಿದ್ರೆ ಗೇಟಿಂದಾನೇ ಹೋಗ್ತೀನಿ."

ಪೂರ್ತಿ ಕೇಳದೆ ಯಾರನ್ನೂ ತೂಗಬಾರದು ಎಂಬುದು ಗಮಕಿಯಾಗಿದ್ದ ಗಂಡನ ಮಾತು. ಅವನು ಕಾವ್ಯ ಓದಿದ ಕಾಲವೆಲ್ಲ ಅವಳು ಕಂಬಕ್ಕೊರಗಿ ಕೇಳಿದವಳು.

"ಇದಕ್ಕೆ ಕನ್ನಡ ಎಲ್ಲಿಂದ ಕಲಿಸಿದ್ರಿ?" ಶಿವಸ್ವಾಮಿಯ ಹೆಂಡತಿ ಅನಸೂಯ ಅನುಮಾನದಿಂದ ಕೇಳಿದಳು.

"ಅಣ್ಣನ ಗಮಕದ ಕ್ಯಾಸೆಟ್ಟಿಂದ. ಈ ಮನೇಲಿ ಶುದ್ಧ ಕನ್ನಡ ಇದ್ದದ್ದು ಅಲ್ಲೊಂದೇ ಕಡೆ."

"ನಿಮ್ಮ ಬಾಯಲ್ಲಂತೂ ಇರ್ಲಿಲ್ಲ ಬಿಡಿ."

ಗುಂಡಿ ಒತ್ತಿದ್ದೇ ತಡ, ಯಂತ್ರ ಗಂಟಲು ಸರಿಮಾಡಿಕೊಂಡಿತು. ಅಡುಗೆಮನೆಯ ಮಿಕ್ಸಿ ತಾನಾಗಿ ಗುಂಯ್‌ಗುಟ್ಟಿ ಶ್ರುತಿ ಹಿಡಿಯಿತು. "ಮಾನ್ಯ ಸದಸ್ಯರೆ, ಕುಳಿತುಕೊಳ್ಳಿ" ಎಂಬ ಸಭಾಪತಿಗಳ ಮಾತು ಮೋಹನ ರಾಗದಲ್ಲಿ ಹೊರಟಿತು. ಆಮೇಲೆ ವ್ಯಾಖ್ಯಾನ. "ಕುಳಿತುಕೊಳ್ಳಿ ಎಂದರೇನು? ನಿಂತವರು ಇದ್ದಾರೆ ಎಂದಾಯಿತು. ಏಕೆ ನಿಂತರು? ನಿಲ್ಲುವಿಕೆ ಎಷ್ಟು ಬಗೆ?"

ಗಿರಿಜಾಂಬ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನ ಧಾಟಿಯೇ! ಒಂದು ಪದ್ಯಕ್ಕೆ ಒಂದು ಸಂಜೆ ಹಿಡಿಸುತ್ತಿದ್ದ ಮಹಾನುಭಾವ.

ಮಧ್ಯಾಹ್ನದ ಊಟವಾಯಿತು. ಸದಸ್ಯರು ಇನ್ನೂ ಕುಳಿತಿರಲಿಲ್ಲ.

"ನಿಲ್ಲಿಸ್ರೀ ಅದನ್ನ," ಎಂದಳು ಅನಸೂಯ. ಶಿವಸ್ವಾಮಿ ಗುಂಡಿ ಒತ್ತಿದ.

"ಸಭೆ ಕಲಹದಲ್ಲಿದೆ," ಎಂದಿತು ಯಂತ್ರ. "ಅಶುಭದಲ್ಲಿ ಕಥೆ ನಿಲ್ಲಿಸಬಾರದು. ಮಂಗಳದ ಘಟ್ಟ ಬರಲಿ."

ಇದೂ ಗಂಡನ ಕಟ್ಟಳೆಯೇ. ಕಾವ್ಯದಲ್ಲಿ ಯಾರಾದರೂ ಸತ್ತರೆ, ಕಾಡು ಸೇರಿದರೆ, ಮುಂದೊಂದು ಮದುವೆಯೋ ಮಗುವೋ ಸಿಗುವತನಕ ಅವನು ಪುಸ್ತಕ ಮುಚ್ಚುತ್ತಿರಲಿಲ್ಲ. ಆದರೆ ವಾಗ್ದಂಡನೆಯಲ್ಲಿ ಮದುವೆ ಎಲ್ಲಿಂದ ಬರಬೇಕು?

ಶಿವಸ್ವಾಮಿ ಪ್ಲಗ್ಗು ಕಿತ್ತ. ಯಂತ್ರ ಇನ್ನೂ ಇಂಪಾಗಿ ಹಾಡಿತು.

"ಕರೆಂಟು ಹೋದ್ರೂ ನಿಲ್ಲಬಾರದು ಅಂತ ಬ್ಯಾಟರಿ ಇಟ್ಟಿದ್ದೆ," ಎಂದ ಸಣ್ಣ ದನಿಯಲ್ಲಿ.

"ಬುದ್ಧಿ ಇಡೋದು ಮರೆತ್ರಿ."

ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳ ಮಿಕ್ಸಿಗಳೂ ಅದೇ ಶ್ರುತಿ ಹಿಡಿದಿದ್ದವು. ಬೀದಿಗೆ ಬೀದಿಯೇ ಚಟ್ನಿಯಿಲ್ಲದೆ ತಂಬೂರಿಯಂತೆ ಮಿಡಿಯುತ್ತಿತ್ತು.

ಹೊತ್ತು ಇಳಿಯಿತು. ಗೇಟು ಕಿರುಗುಟ್ಟಿತು. ಗಿರಿಜಾಂಬ ಗೋಡೆ ತಡವಿಕೊಂಡು ಬಾಗಿಲಿಗೆ ಬಂದಳು. ಚಂದ್ರಮೌಳಿ ಚೀಲ ಹಿಡಿದು ಹೊಸಿಲಾಚೆಗೇ ನಿಂತ. ಮಸುಕಾದ ಕಣ್ಣಿಗೂ ಅವನ ಹೆಗಲು ಇಳಿದದ್ದು ಕಂಡಿತು.

"ಪೂರ್ತಿ ಕೇಳಿದ್ಯಾ ಅಕ್ಕ?"

"ಇನ್ನೂ ಸೋಮವಾರ ಬೆಳಿಗ್ಗೆ ಕಣೋ. ಯಾರೂ ಕೂತೇ ಇಲ್ಲ."

"ಹಂಗಾದ್ರೆ ಅದರಲ್ಲಿ ನಾನಿನ್ನೂ ನ್ಯಾಯಮೂರ್ತಿ," ಎಂದ ಅವನು.

ಫಲ ಹಾಗೆ ತಿಳಿಯಿತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮೌಳಿ, ಆ ಕೆರೆ ಜಾಗ ಬೀಗರ ಕೈಗೆ ಹೋಗತ್ತೆ ಅಂತ ನಿಂಗೆ ಮೊದಲೇ ಗೊತ್ತಿತ್ತೇನೋ?"

ಅವನು ಚಪ್ಪಲಿ ನೋಡಿಕೊಂಡ. "ಅದು ಶುಕ್ರವಾರದ ಭಾಗದಲ್ಲಿ ಬರತ್ತೆ ಅಕ್ಕ."

ಆ ಒಂದು ಸಾಲಿಗೆ ಅವಳಿಗೆ ವ್ಯಾಖ್ಯಾನ ಬೇಕಾಗಲಿಲ್ಲ. ಚೌಕಟ್ಟು ಬಿಟ್ಟು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ತಮ್ಮ ಹೊಸಿಲು ದಾಟಿದಾಗಲಾದರೂ ಯಂತ್ರ ಮಂಗಳ ಹಾಡೀತೆಂದು ಕಿವಿಗೊಟ್ಟಳು.

ಅದು ಕೆಮ್ಮಿ, ಮೌಳಿಯ ಮಾತನ್ನೇ ಎತ್ತಿಕೊಂಡಿತು. "ಶುಕ್ರವಾರ ಎಂದರೇನು?" ಎಂದು ಹೊಸದಾಗಿ ಶುರುವಿಟ್ಟುಕೊಂಡಿತು.

"ಕೈಕಾಲು ತೊಳ್ಕೊ, ಅನ್ನ ಹಾಕ್ತೀನಿ," ಎಂದಳು ಗಿರಿಜಾಂಬ. "ಅದು ಆ ಭಾಗಕ್ಕೆ ಬರೋ ಹೊತ್ತಿಗೆ ನಾವಿಬ್ರೂ ಇರಲ್ಲ."