ಎಂಟು ಎಳೆಯ ತಂತಿ

ಯಾವ ಸಾಮಾನು ಮನೆಗೆ ತಂದರೂ ಅದರ ಜೊತೆ ಬರುವ ಸೂಚನೆಯ ಹಾಳೆಯನ್ನು ಓದದೆ ಮಡಿಸಿ ಎತ್ತಿಡುವುದು ನನ್ನ ಹುಟ್ಟುಗುಣ. ತರಗತಿಯಲ್ಲಿ ಮಾತ್ರ, ‘ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಪೆನ್ನು ಹಿಡಿಯಿರಿ’ ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವನು ನಾನು. ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶಾಲೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಉಳಿದವರೆಲ್ಲ ಕರೆಂಟು ಹೊಡೆದೀತು ಎಂದು ದೂರ ನಿಂತಿದ್ದಾಗ ಅದರ ಗುಂಡಿಯನ್ನು ಮೊದಲು ಒತ್ತಿದವನು ನಾನೇ. ಅಷ್ಟಕ್ಕೇ ನನಗೆ ‘ಕಂಪ್ಯೂಟರ್ ಮೇಷ್ಟ್ರು’ ಎಂಬ ಹೆಸರು ಬಿತ್ತು. ಅದನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಪುಕ್ಕಟೆ ಸಿಕ್ಕ ಬಿರುದನ್ನು ಯಾರು ತಾನೇ ಬೇಡ ಎನ್ನುತ್ತಾರೆ?

ಆಗ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಪಡಸಾಲೆಯಲ್ಲಿದ್ದ ಹೊಸದು ನನ್ನದು. ಅಡುಗೆಮನೆಯ ಪಕ್ಕದ ಒಳಕೋಣೆಯಲ್ಲಿದ್ದ ಹಳೆಯದನ್ನು ಹೆಂಡತಿ ನಾಗವೇಣಿಗೆ ಉದಾರವಾಗಿ ದಾನ ಮಾಡಿದ್ದೆ. ಹೊಸದರಲ್ಲಿ ನಾನು ಇಸ್ಪೀಟು ಆಡುತ್ತಿದ್ದೆ, ಹಳೆಯದರಲ್ಲಿ ಅವಳು ಸೀರೆಯ ಅಂಚು ಬರೆಯುತ್ತಿದ್ದಳು. ಅವಳ ತವರು ಮೊಳಕಾಲ್ಮೂರು. ಅಪ್ಪ ರೇಷ್ಮೆ ಸೀರೆ ನೇಯುವವರು. ಅಂಚಿನ ಚಿತ್ತಾರವನ್ನು ನೇಕಾರರು ಮೊದಲು ಚೌಕುಳಿಯ ಹಾಳೆಯ ಮೇಲೆ ಬಿಡಿಸಿಕೊಳ್ಳುತ್ತಾರಂತೆ, ಚೌಕ ಎಣಿಸಿಕೊಂಡು ಎಳೆ ಎತ್ತುತ್ತಾರಂತೆ. ಅಂಕಪಟ್ಟಿ ತಯಾರಿಸಲಿ ಎಂದು ನಾನು ಕಲಿಸಿದ ಪ್ರೋಗ್ರಾಮಿನ ಚೌಕಗಳನ್ನೇ ಇವಳು ಸಣ್ಣದು ಮಾಡಿ, ಬಣ್ಣ ತುಂಬಿ, ನವಿಲು ನಿಲ್ಲಿಸಿಬಿಟ್ಟಿದ್ದಳು. ಎಂಟನೇ ತರಗತಿ ‘ಬಿ’ ವಿಭಾಗದ ಅಂಕಗಳು ಕೂರಬೇಕಾದ ಜಾಗದಲ್ಲಿ ಸಾಲು ನವಿಲುಗಳನ್ನು ಕಂಡು ನಾನು ದಂಗಾದೆ. “ಇದನ್ನ ಯಾರು ಹೇಳಿಕೊಟ್ಟಿದ್ದು?” ಎಂದೆ. “ನೀವೇ ಅಲ್ವಾ” ಎಂದಳು. ನಾನು ಹೇಳಿಕೊಟ್ಟದ್ದು ಕೂಡುವುದು, ಕಳೆಯುವುದು ಮಾತ್ರ. ಆದರೂ ಅವಳ ಮಾತನ್ನು ಅಲ್ಲಗಳೆಯಲಿಲ್ಲ.

ತೊಂದರೆ ಇದ್ದದ್ದು ಪ್ರಿಂಟರಿನದು. ಅದು ಹೊಸ ಯಂತ್ರದ ಜೊತೆ ಬಂದದ್ದು. ಅದರ ತಂತಿ ಚುಚ್ಚಲು ಹಳೆಯದರಲ್ಲಿ ತೂತೇ ಇರಲಿಲ್ಲ. ಫ್ಲಾಪಿಯಲ್ಲಿ ತುಂಬಿ ತರೋಣವೆಂದರೆ ನಮ್ಮೂರಿನ ಗಾಳಿಯ ಧೂಳು, ಎಣ್ಣೆ ಮಿಲ್ಲುಗಳ ಕಡಲೆಕಾಯಿ ಹೊಟ್ಟು ಎಲ್ಲ ಸೇರಿ ಹಳೆಯದರ ಫ್ಲಾಪಿ ನುಂಗುವ ಬಾಯಿ ಯಾವತ್ತೋ ಕಟ್ಟಿಹೋಗಿತ್ತು. ಹೀಗೆ ನವಿಲುಗಳು ಒಳಕೋಣೆಯಲ್ಲೇ ಸೆರೆಯಾಗಿದ್ದವು. ಅವು ಹೊರಗೆ ಬರಲೇಬೇಕಿತ್ತು. ನಾಗವೇಣಿಯ ತಂಗಿಯ ಮದುವೆ ಗೊತ್ತಾಗಿತ್ತು. ದೊಡ್ಡ ಮಗಳು ಬರೆದ ಅಂಚನ್ನು ತಾವೇ ನೇಯ್ದು ಚಿಕ್ಕ ಮಗಳಿಗೆ ಧಾರೆಸೀರೆ ಉಡಿಸಬೇಕು ಎಂಬುದು ಮಾವನವರ ಆಸೆ. ಅವರ ಕಣ್ಣು ಮಂಜಾಗುತ್ತಿತ್ತು. ಇಷ್ಟು ಸೂಕ್ಷ್ಮದ ಕೆಲಸ ಇನ್ನೊಂದು ಆಗಲಿಕ್ಕಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

“ಅದಕ್ಯಾಕೆ ಚಿಂತೆ? ಎರಡೂ ಕಂಪ್ಯೂಟರಿಗೆ ನಂಟು ಹಾಕಿಬಿಡ್ತೀನಿ. ನೀನು ಒಳಗೆ ಗುಂಡಿ ಒತ್ತಿದರೆ ಹೊರಗೆ ಹಾಳೆ ಬರುತ್ತೆ” ಎಂದೆ. ದಾವಣಗೆರೆಗೆ ಹೋಗಿ ಎರಡೂ ಕಂಪ್ಯೂಟರಿನ ತಂತಿಗಳು ಬಂದು ಕೂಡುವ ಐದು ತೂತಿನ ಪುಟ್ಟ ಡಬ್ಬಿ, ಅದನ್ನು ಹೊಸ ಯಂತ್ರಕ್ಕೆ ಸೇರಿಸುವ ಸಿದ್ಧ ತಂತಿಯ ತುಂಡು, ಒಳಕೋಣೆಯವರೆಗೆ ಎಳೆಯಲು ಬೂದು ಬಣ್ಣದ ಉದ್ದ ತಂತಿ, ಕಂಪ್ಯೂಟರಿನ ಹೊಟ್ಟೆಗೆ ಹಾಕುವ ಕಾರ್ಡು, ತಂತಿಯ ತುದಿಗೆ ತೊಡಿಸುವ ಪಾರದರ್ಶಕ ಪ್ಲಗ್ಗು ಮೂರು, ಅದನ್ನು ಒತ್ತುವ ಇಕ್ಕಳ ಎಲ್ಲ ತಂದೆ. ಜೊತೆಗೆ ಒಂದು ಸೂಚನೆಯ ಹಾಳೆಯೂ ಬಂತು. ಅದನ್ನು ಮಡಿಸಿ ಎತ್ತಿಟ್ಟೆ. ಸ್ಟಾಫ್ ರೂಮಿನಲ್ಲಿ, ‘ಮನೆಯಲ್ಲಿ ನೆಟ್‌ವರ್ಕ್ ಮಾಡ್ತಾ ಇದ್ದೀನಿ’ ಎಂದು ಮೊದಲೇ ಹೇಳಿಕೊಂಡೂ ಆಗಿತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಮಾವನವರು ಬಂದಿಳಿದರು. ಅವರ ಎದುರು ನಾನು ಯಾವತ್ತೂ ಸ್ವಲ್ಪ ಹುಷಾರು. ಮದುವೆಯಾದ ಹೊಸತರಲ್ಲಿ ಅವರ ಮನೆಗೆ ಹೋದಾಗ, ಮಗ್ಗದ ಮುಂದೆ ನೆಲದಲ್ಲಿ ಕಾಲು ಇಳಿಬಿಡಲು ಗುಂಡಿ ಇರುತ್ತದೆ ಎಂದು ಗೊತ್ತಿಲ್ಲದೆ, ಮಾತಾಡುತ್ತ ಹಿಂದೆ ಸರಿದು ಅದರೊಳಗೆ ಬಿದ್ದಿದ್ದೆ. ಮನೆಯ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಅವರೊಬ್ಬರೇ ನಗದೆ ಕೈಕೊಟ್ಟು ಎತ್ತಿದ್ದರು.

“ಹಾಸಿನ ಎಳೆ ಏರ್ಸಿ ಮೂರು ದಿನ ಆತು ಅಳಿಯಂದ್ರೇ, ಮಗ್ಗ ಸುಮ್ನೆ ನಿಂತೈತೆ. ಧಾರೆಗೆ ಇನ್ನ ತಿಂಗ್ಳೂ ಇಲ್ಲ. ಕಾಗದ ಕೈಗೆ ಬಂದ್ರೆ ನಾಲ್ಕು ಗಂಟೆ ಬಸ್ಸಿಗೆ ಹೊಂಡ್ತೀನಿ” ಎಂದರು. “ಅರ್ಧ ಗಂಟೆ ಕೆಲಸ ಮಾವ, ನೀವು ಮಜ್ಜಿಗೆ ಕುಡೀರಿ” ಎಂದೆ.

ಪಡಸಾಲೆಯ ಕಿಟಕಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಡುಗೆಮನೆಯ ಹೊಗೆಗಿಂಡಿಗೆ, ಅಲ್ಲಿಂದ ಒಳಕೋಣೆಗೆ ತಂತಿ ಎಳೆದೆ. ಅದರ ಸಿಪ್ಪೆ ಸುಲಿದರೆ ಒಳಗೆ ಎಂಟು ಬಣ್ಣದ ಸಣ್ಣ ತಂತಿಗಳು. ಎರಡು ತುದಿಗೂ ಪ್ಲಗ್ಗಿನಲ್ಲಿ ಪೋಣಿಸಿ ಇಕ್ಕಳದಿಂದ ಒತ್ತಿದೆ. ಸರಿಯಾಗಿದ್ದರೆ ಡಬ್ಬಿಯ ಮೇಲೆ ಆ ತಂತಿಯ ಹಸಿರು ದೀಪ ಹೊತ್ತಬೇಕು. ಹೊತ್ತಲಿಲ್ಲ. ತಂತಿ ಕಿತ್ತು ಮತ್ತೆ ಹಾಕಿದೆ, ಡಬ್ಬಿ ತಟ್ಟಿದೆ, ಎರಡೂ ಯಂತ್ರ ಆರಿಸಿ ಹಚ್ಚಿದೆ, ಅಂಗಡಿಯವನನ್ನು ಬೈದೆ. ಹನ್ನೆರಡಾಯಿತು, ಒಂದಾಯಿತು. ಊಟ ಮಾಡಿ ಕೈತೊಳೆದು ಒಳಕೋಣೆಗೆ ಹೋಗಿ ನೋಡಿದರೆ, ನಾಗವೇಣಿ ಪರದೆಯ ಮುಂದೆ ಚೌಕುಳಿ ಹಾಳೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಒಂದೊಂದೇ ಚೌಕ ತುಂಬುತ್ತಿದ್ದಳು. ನವಿಲಿನ ಒಂದು ಕಾಲು ಮುಗಿದಿತ್ತು. ಆ ಲೆಕ್ಕದಲ್ಲಿ ಪೂರ್ತಿ ಅಂಚಿಗೆ ನಾಲ್ಕು ದಿನ ಬೇಕು. ನನ್ನನ್ನು ಕಂಡು ಅವಳು ಪೆನ್ಸಿಲು ಚೂಪು ಮಾಡಿಕೊಂಡು ಇನ್ನೊಂದು ಕಾಲಿಗೆ ಹೊರಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊರಗೆ ಬಂದರೆ ಮಾವನವರು ತಂತಿಯ ಈ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಇದ್ರಾಗೆ ಎಷ್ಟು ಎಳೆ?” ಎಂದರು. “ಎಂಟು ಮಾವ.” “ಎಂಟೇನಾ?” ಎಂದರು. ಆ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. ಹಳೆಯ ಹಾಸು ಮುಗಿದಾಗ ಅದರ ಸಾವಿರಾರು ಕೂದಲಿನಂಥ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು, ಒಂದೂ ಅದಲುಬದಲಾಗದಂತೆ, ಬೆರಳಲ್ಲೇ ಹೊಸೆದು ಸೇರಿಸುವ ಮನುಷ್ಯ ಅವರು. ಅವರು ಕನ್ನಡಕ ಹಾಕಿಕೊಂಡು, “ಒಕಟಿ, ರೆಂಡು, ಮೂಡು...” ಎಂದು ಮೆಲ್ಲಗೆ ಎಣಿಸಿದರು. ಮಾತೆಲ್ಲ ಕನ್ನಡದಲ್ಲಾದರೂ ಎಣಿಕೆ ಮಾತ್ರ ಅವರದು ತೆಲುಗು. ಎದ್ದು ಒಳಗೆ ಹೋಗಿ ಆ ತುದಿಯನ್ನೂ ಎಣಿಸಿ ಬಂದರು.

“ಅಳಿಯಂದ್ರೇ, ತಪ್ಪು ತಿಳೀಬ್ಯಾಡ್ರಿ. ಈ ತುದೀನ ಮುಖ ಮೇಲೆ ಮಾಡಿ ಪೋಣ್ಸೀರಿ. ಆ ತುದೀನ ಬೆನ್ನು ಮೇಲೆ ಮಾಡಿ ಪೋಣ್ಸೀರಿ. ಇಲ್ಲಿ ಮೊದ್ಲನೆ ಎಳೆ ಅಲ್ಲಿ ಕಡೇದಾಗೈತೆ.”

ಪ್ಲಗ್ಗಿಗೆ ಒಂದು ಬದಿಯಲ್ಲಿ ಸಣ್ಣ ನಾಲಗೆ ಇರುತ್ತದೆ. ಒಂದು ತುದಿಯಲ್ಲಿ ಅದನ್ನು ಕೆಳಗೆ ಮಾಡಿ, ಇನ್ನೊಂದರಲ್ಲಿ ಮೇಲೆ ಮಾಡಿ ಹಿಡಿದಿದ್ದೆ. ಕನ್ನಡಿಯಲ್ಲಿ ಎಡ ಬಲವಾಗುವುದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವ ಮೇಷ್ಟ್ರು ನಾನು. ಮಡಿಸಿಟ್ಟ ಹಾಳೆ ಬಿಚ್ಚಿ ನೋಡಿದೆ. ಅದರ ಮೊದಲ ಚಿತ್ರವೇ ಅದು.

ಉಳಿದಿದ್ದದ್ದು ಒಂದೇ ಪ್ಲಗ್ಗು. ಅದು ಕೆಟ್ಟರೆ ದಾವಣಗೆರೆಗೇ ಹೋಗಬೇಕು, ನಾಲ್ಕರ ಬಸ್ಸು ಯಾರಿಗೂ ಕಾಯುವುದಿಲ್ಲ. ಈ ತುದಿಯ ಪ್ಲಗ್ಗನ್ನು ಕತ್ತರಿಸಿ ತಂತಿಯ ಸಿಪ್ಪೆ ಸುಲಿದೆ. ಇಕ್ಕಳವನ್ನು ಪಕ್ಕಕ್ಕಿಟ್ಟು, ಎಂಟು ತಂತಿಗಳನ್ನು ಮಾವನವರ ಕೈಗೆ ಕೊಟ್ಟೆ. ಅವರು ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ನೆಟ್ಟಗೆ ಮಾಡಿದರು, ಆ ತುದಿಯ ಬಣ್ಣದ ಸಾಲಿಗೆ ಸರಿಯಾಗಿ ಜೋಡಿಸಿದರು, ಉಗುರಿನಿಂದ ಒತ್ತಿ ಸಮ ಮಾಡಿದರು, ಒಂದೇ ಸಲಕ್ಕೆ ಪ್ಲಗ್ಗಿನೊಳಗೆ ತೂರಿಸಿದರು. ಕಣ್ಣು ಮಂಜು, ಆದರೆ ಬೆರಳಿಗೆ ಅದು ತಿಳಿದೇ ಇರಲಿಲ್ಲ. ಅಂಥ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ಅದುವರೆಗೆ ನೋಡಿರಲಿಲ್ಲ. ನೋಡುತ್ತ ನೋಡುತ್ತ ನನ್ನ ಅವಮಾನವೂ ಮರೆತುಹೋಯಿತು. “ಈಗ ನೀವು ಒತ್ರಿ” ಎಂದರು. ನಾನು ಇಕ್ಕಳ ಒತ್ತಿದೆ, ಅದಷ್ಟೇ ನನ್ನ ಪಾಲಿನ ಕೆಲಸ.

ಡಬ್ಬಿಯ ಮೇಲೆ ಹಸಿರು ದೀಪ ಹೊತ್ತಿತು. ಸ್ವಲ್ಪ ಹೊತ್ತಿನಲ್ಲಿ ಪ್ರಿಂಟರು ಕರಕರ ಸದ್ದು ಮಾಡಿ, ನವಿಲುಗಳನ್ನು ಸಾಲಾಗಿ ಹೊರಗೆ ಬಿಟ್ಟಿತು. ನಾಗವೇಣಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡೇ ಓಡಿಬಂದಳು. ಮಾವನವರು ಹಾಳೆಯ ಚೌಕಗಳನ್ನು ಬೆರಳಿಟ್ಟು ಎಣಿಸಿ, ಸುರುಳಿ ಸುತ್ತಿ, ಟವಲಿನಲ್ಲಿ ಕಟ್ಟಿಕೊಂಡರು. “ಚಲೋ ಬರ್ದೀಯವ್ವ” ಎಂದು ಮಗಳ ತಲೆ ಸವರಿ ನಾಲ್ಕು ಗಂಟೆಯ ಬಸ್ಸು ಹತ್ತಿದರು. ಮರುದಿನ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ನಾನು ವಿವರವಾಗಿಯೇ ಹೇಳಿದೆ. ಅದರಲ್ಲಿ ಮಾವನವರು ಬಂದು ಮಜ್ಜಿಗೆ ಕುಡಿದು ಹೋಗುತ್ತಾರೆ, ಅಷ್ಟೇ.

ಮದುವೆಗೆ ನಾಲ್ಕು ದಿನ ಮೊದಲು ಮೊಳಕಾಲ್ಮೂರಿಗೆ ಹೋದೆವು. ಸೀರೆ ಚಾಪೆಯ ಮೇಲೆ ಹರಡಿತ್ತು. ಅಂಚಿನ ಉದ್ದಕ್ಕೂ ನಮ್ಮ ಒಳಕೋಣೆಯ ನವಿಲುಗಳು ಜರಿಯಲ್ಲಿ ಮಿನುಗುತ್ತಿದ್ದವು. ಆ ಭಾನುವಾರದ ಋಣ ತೀರಿಸುವ ಅವಕಾಶ ಇದೇ ಎಂದು, ಮನೆತುಂಬ ನೆಂಟರ ಎದುರಿಗೆ ಮನಸ್ಸು ಬಿಚ್ಚಿ ಹೊಗಳಿದೆ. ಕೊಕ್ಕು ಎಷ್ಟು ಚೂಪು, ಗರಿ ಎಷ್ಟು ಒಪ್ಪ, ಒಂದು ಎಳೆಯೂ ಆಚೀಚೆ ಇಲ್ಲ ಎಂದು ಒಂದೊಂದನ್ನೂ ಮುಟ್ಟಿ ತೋರಿಸಿದೆ. ಮಾವನವರು ತಲೆ ತಗ್ಗಿಸಿ ಕೇಳುತ್ತಿದ್ದರು. ಮಾತು ಮುಗಿದ ಮೇಲೆ ನಾಗವೇಣಿ ಮೆಲ್ಲಗೆ ಬಗ್ಗಿ ಸೀರೆಯನ್ನು ಮಗುಚಿದಳು.

“ಇಷ್ಟೊತ್ತು ನೀವು ಹೊಗಳಿದ್ದು ಬೆನ್ನು. ಮುಖ ಈ ಕಡೆ ಐತೆ” ಎಂದಳು.

ಹೆಂಗಸರ ಸೆರಗು ಮತ್ತೆ ಬಾಯಿಗೆ ಹೋಯಿತು. ಮಾವನವರು ಈ ಸಲವೂ ನಗಲಿಲ್ಲ. “ಇರ್ಲಿ ಬಿಡವ್ವ. ಮೇಷ್ಟ್ರ ಕಣ್ಣಿಗೆ ಬೆನ್ನೇ ಮುಖದಂಗೆ ಕಂಡೈತೆ ಅಂದ್ರೆ ನೇಯ್ಗೆ ಸರಿಯಾಗೈತೆ ಅಂತ” ಎಂದು ನನ್ನನ್ನು ಎರಡನೇ ಸಲ ಗುಂಡಿಯಿಂದ ಮೇಲೆತ್ತಿದರು. ಅಂದಿನಿಂದ ಸೂಚನೆಯ ಹಾಳೆಗಳನ್ನು ಓದುತ್ತಿದ್ದೇನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ತಂತಿಯಾಗಲಿ, ಸೀರೆಯಾಗಲಿ, ಕೈ ಹಾಕುವ ಮೊದಲು ನಾಗವೇಣಿಯನ್ನು ಒಂದು ಮಾತು ಕೇಳುತ್ತೇನೆ.