ಮಗಳ ಮಿದುಳನ್ನು ನಾನು ರಿಪೇರಿ ಮಾಡಿದ್ದು

ಚೆನ್ನೈನ ಪಲ್ಲಾವರಂನಲ್ಲಿ ಯಾರ ಮನೆಯ ಏಸಿಯೇ ಇರಲಿ, ಗೇಟಿನಲ್ಲಿ ನಿಂತು ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ನಿಜ. ಆದರೆ ನಾನು ಮುಟ್ಟಿದ ಮೆಷಿನ್ ಮತ್ತೆ ತಕರಾರು ಮಾಡಿದ್ದಿಲ್ಲ. ಹಾಗಾಗಿ ಮಗಳು ದಿವ್ಯಾಳ ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ಏಳುತ್ತಾ ಬೀಳುತ್ತಾ ಕುಣಿಯುವುದನ್ನು ಕಂಡ ಕೂಡಲೇ ನನಗೆ ಅನುಮಾನ ಬಂತು.

“ಏನಮ್ಮಾ ಇದು?”

“ಮಿದುಳಿನ ಮಾಡೆಲ್ ಅಪ್ಪಾ. ನರಕೋಶಗಳು ಒಟ್ಟಿಗೆ ಹೇಗೆ ಕೆಲಸ ಮಾಡ್ತವೆ ಅಂತ ಕಂಪ್ಯೂಟರಲ್ಲಿ ಮಾಡಿದೀನಿ. ಹತ್ತು ಗಂಟೆಗೆ ಪ್ರೊಫೆಸರ್ ವಿಡಿಯೋ ಕಾಲಲ್ಲಿ ನೋಡ್ತಾರೆ. ಅವರು ಓಕೆ ಅಂದ್ರೆ ಥೀಸಿಸ್ ಬರೆಯೋಕೆ ಶುರು ಮಾಡಬಹುದು,” ಎಂದವಳೇ ಸ್ನಾನಕ್ಕೆ ಹೋದಳು.

ನಾನು ಗೆರೆಯನ್ನೇ ದಿಟ್ಟಿಸಿದೆ. ಏರಿತು, ಇಳಿಯಿತು, ಮತ್ತೆ ಏರಿತು. ಕಂಪ್ರೆಸರ್ ಹೀಗೆ ಗಳಿಗೆಗೊಮ್ಮೆ ಆನ್ ಆಫ್ ಆದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ. ಪಾಪ, ಹುಡುಗಿಯ ತಲೆಗೆ ಯಾರೋ ಕೆಟ್ಟ ಮಿದುಳು ಕಟ್ಟಿದ್ದಾರೆ! ಆ ಪ್ರೊಫೆಸರ್ ಮೇಲೂ ನನಗೆ ಸಂಶಯವೇ.

“ರೀ, ಮುಟ್ಟಬೇಡಿ,” ಅಡುಗೆಮನೆಯಿಂದ ಹೆಂಡತಿ ಶಾರದಾ.

“ನೋಡ್ತಾ ಇದೀನಿ, ಅಷ್ಟೇ.”

“ನೀವು ನೋಡಿದ ಮಿಕ್ಸಿ ಇನ್ನೂ ಗೋಣಿಚೀಲದಲ್ಲಿದೆ.”

ಪರದೆಯ ಕೆಳಗೆ ‘ಫೀಡ್‌ಬ್ಯಾಕ್’ ಎಂದು ಬರೆದು ಪಕ್ಕದಲ್ಲೊಂದು ಅತ್ತಿತ್ತ ಸರಿಸುವ ಗುಂಡಿ ಇತ್ತು. ಮೌಸಿನಿಂದ ಎಳೆದು ಸೊನ್ನೆಗೆ ತಂದೆ. ಗೆರೆ ಸರ್ರನೆ ಮೇಲೇರಿ, ಸ್ಕೇಲಿಟ್ಟು ಎಳೆದಂತೆ ನೇರವಾಯಿತು. ರೋಗ ವಾಸಿ!

ದಿವ್ಯಾ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. “ಪೋಚ್ಚು! ಎಲ್ಲಾ ಹೋಯ್ತು! ಅಲೆ ಎಲ್ಲಿ ಅಪ್ಪಾ?”

“ಸರಿ ಮಾಡಿದೆ.”

“ಅದು ತಾಳ ಅಪ್ಪಾ! ನರಕೋಶಗಳ ಒಂದು ಗುಂಪು ಎದ್ದು ಕೂಗುತ್ತೆ. ಆ ಗಲಾಟೆಗೆ ಇನ್ನೊಂದು ಗುಂಪು ಎಚ್ಚರವಾಗಿ, ಸ್ವಲ್ಪ ತಡವಾಗಿ ಬಂದು ಬಾಯಿ ಮುಚ್ಚಿಸುತ್ತೆ. ಇವರು ಸುಮ್ಮನಾದ್ರೆ ಅವರೂ ಮಲಗ್ತಾರೆ. ಆಗ ಇವರು ಮತ್ತೆ ಏಳ್ತಾರೆ. ಆ ಫೀಡ್‌ಬ್ಯಾಕ್ ಇದ್ರೇನೇ ತಾಳ!”

“ಅಂದ್ರೆ... ಥರ್ಮೋಸ್ಟಾಟ್ ಇದ್ದ ಹಾಗೆ?”

“ಹೂಂ. ಅದನ್ನೇ ಕಿತ್ತು ಹಾಕಿದೀರಿ. ಗುಂಡಿ ಎಷ್ಟರಲ್ಲಿತ್ತು?”

ಬಿಚ್ಚಿದ ಸ್ಕ್ರೂಗಳನ್ನು ಎಣಿಸಿ ಬಾಟಲಿ ಮುಚ್ಚಳದಲ್ಲಿಡುವ ಮನುಷ್ಯ ನಾನು. ಅದೊಂದನ್ನು ಮಾತ್ರ ನೋಡಿರಲಿಲ್ಲ!

“ನಡುವೆ ಎಲ್ಲೋ ಇತ್ತಮ್ಮಾ.”

ಆ ಜಾಗ ಸಿಗಲು ಎರಡು ತಿಂಗಳು ಹಿಡಿದಿತ್ತಂತೆ. ಗುಂಡಿಯನ್ನು ಕಡಿಮೆ ಇಟ್ಟರೆ ಗೆರೆ ನೆಟ್ಟಗೆ. ಹೆಚ್ಚಿಸಿದರೆ ಮಿದುಳಿಗೆ ಗಾಢ ನಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಪ್ರೊಫೆಸರ್ ಮುಖ ಮೂಡಿತು. ನಾನು ಬಾಗಿಲ ಹಿಂದೆ ಸರಿದೆ. ದಿವ್ಯಾ “ಯಾರೋ ಕೆಡಿಸಿಬಿಟ್ಟಿದಾರೆ ಸರ್,” ಎಂದು ಅವರ ಎದುರೇ ಗುಂಡಿಯನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸಿದಳು. ಅರ್ಧ ಗಂಟೆ ಬೆವರಿದ ಮೇಲೆ ಗೆರೆ ಕುಣಿಯಿತು!

“ಗುಡ್, ಬರೆಯೋಕೆ ಶುರು ಮಾಡಮ್ಮಾ,” ಎಂದರು ಪ್ರೊಫೆಸರ್ ತಮಿಳಿನಲ್ಲಿ. “ಆದ್ರೆ ಇದನ್ನ ಕೆಡಿಸಿದ್ದು ಯಾರು?”

“ಮನೆಗೆ ಯಾರೋ ಮೆಕ್ಯಾನಿಕ್ ಬಂದಿದ್ದ ಸರ್.”

“ಅಂಥವರನ್ನೆಲ್ಲ ಒಳಗೆ ಬಿಡ್ತೀರಾ?”

“ಇನ್ಮೇಲೆ ಬಿಡಲ್ಲ ಸಾರ್,” ಎಂದು ಅಡುಗೆಮನೆಯಿಂದಲೇ ಮಾತು ಕೊಟ್ಟಳು ಶಾರದಾ!

ಈ ಮನೆಯ ಕರೆಂಟ್ ಬಿಲ್ಲು ನನ್ನ ಹೆಸರಿಗೇ ಬರುತ್ತದೆ ಸ್ವಾಮಿ. ಆದರೂ ಕಾಲ್ ಮುಗಿಯುವ ತನಕ ಬಾಗಿಲ ಹಿಂದೆಯೇ ನಿಂತಿದ್ದೆ.