ಜಾರದ ಕುಣಿಕೆ

“ಮೂವತ್ತು ವರ್ಷ ಹಗ್ಗದವರ ಜೊತೆ ಸಂಸಾರ ಮಾಡಿದೀನಿ. ಒಂದು ಕುಣಿಕೆ ಹಾಕೋಕೆ ಬರಲ್ವಾ ನಂಗೆ?” ಎಂದು ಅತ್ತಿಗೆ ಟೊಂಕ ಕಟ್ಟಿ ನಿಂತಳು.

ಹತ್ತಿಯ ಗಾದಿ ಅಂಗಳದಲ್ಲಿತ್ತು. ಮಹಡಿಗೆ ಹೋಗಬೇಕಿತ್ತು.

“ಸುತ್ತಿ ಮೆಟ್ಟಿಲ ಮೇಲೆ ಹೊತ್ಕೊಂಡು ಹೋಗೋಣ ಅತ್ತಿಗೆ,” ಎಂದಳು ನಾದಿನಿ.

“ನೀನು ಸುಮ್ನಿರು! ನಿಮ್ಮಣ್ಣ ಬೀರುಗಳನ್ನೇ ಹಗ್ಗದಲ್ಲಿ ಏರಿಸ್ತಿದ್ರು.”

ನಿಜ. ಮನೆಸಾಮಾನು ಸಾಗಿಸುವುದೇ ಅವನ ಕಸುಬಾಗಿತ್ತು. ಎಷ್ಟು ಭಾರ ಬಿದ್ದರೂ ಅವನ ಕುಣಿಕೆ ಜಾರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಹೆಬ್ಬೆರಳಲ್ಲಿ ಒಮ್ಮೆ ನೂಕಿದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು.

ಅತ್ತಿಗೆಯ ಕುಣಿಕೆಯೂ ಸಾಮಾನ್ಯದ್ದಲ್ಲ! ಗಾದಿಯ ನಡುವಿಗೆ ಅದನ್ನು ಹಾಕಿ, ಮಹಡಿಗೆ ಹತ್ತಿ ಎಳೆದಳು. ಗಾದಿಗೆ ಸೊಂಟ ಬಂತು. ಇನ್ನೂ ಎಳೆದಳು. ಗಾದಿ ನುಣುಚಿಕೊಂಡು ನಾದಿನಿಯ ಮೇಲೆ ಧೊಪ್ಪನೆ ಬಿತ್ತು.

“ನಿಂದು ಎಳೆದಷ್ಟೂ ಜಾರಿ ಬಿಗಿಯೋ ಜೀರುಗುಣಿಕೆ ಅತ್ತಿಗೆ! ಅಣ್ಣಂದು ಅಲ್ನೋಡು,” ನಾದಿನಿ ಗಾದಿಯಡಿಯಿಂದಲೇ ಬೆರಳು ತೋರಿಸಿದಳು. “ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ.”

ಒದ್ದೆ ದುಪ್ಪಟಿ ಹರವಿದ್ದ ಬಟ್ಟೆ ಹಗ್ಗದ ತುದಿ ಗೋಡೆಯ ಕೊಕ್ಕೆಗೆ ಕುಣಿಕೆಯಲ್ಲಿ ಬಿಗಿದಿತ್ತು. ಅವನು ತೀರಿಕೊಳ್ಳುವ ಹಿಂದಿನ ದಿನ ಕಟ್ಟಿದ್ದು. ಎಂಟು ತಿಂಗಳಿಂದ ಆ ಕುಣಿಕೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

“ಬಿಚ್ಚೋದಾ? ಆಮೇಲೆ ಯಾರು ಬಂದು ಹಾಕಿ ಕೊಡ್ತಾರೆ?”

ನಾದಿನಿ ಗಾದಿಯಡಿಯಿಂದ ತೆವಳಿ ಹೊರಬಂದಳು.

ಅತ್ತಿಗೆ ಇಳಿದು ಬಂದಳು. ಬಿಚ್ಚಲಿಲ್ಲ. ತನ್ನ ಹಗ್ಗದ ತುದಿ ಹಿಡಿದು ಗಂಡನ ಹಗ್ಗದ ಬೆನ್ನು ಹತ್ತಿದಳು. ಮೊದಲು ಉಂಗುರದಂಥ ಒಂದು ಚಿಕ್ಕ ಕಣ್ಣು. ಆಮೇಲೆ ಕೊಕ್ಕೆಗೊಂದು ಸುತ್ತು. ತುದಿ ಆ ಕಣ್ಣಿನಿಂದ ಮೇಲೆದ್ದು, ಹಗ್ಗದ ಹಿಂದೆ ಬಳಸಿ, ಮತ್ತೆ ಅದೇ ಕಣ್ಣಿಗೆ ಇಳಿಯಿತು. ಅಷ್ಟೇ! ಇಷ್ಟರಲ್ಲೇ ಅಷ್ಟು ದೊಡ್ಡ ಬೀರು ಗಾಳಿಯಲ್ಲಿ ತೂಗುತ್ತಿತ್ತು! ಮೂವತ್ತು ವರ್ಷ ಕಣ್ಣೆದುರೇ ಇದ್ದದ್ದನ್ನು ಅವಳು ಈಗ ಬಾಯಿ ಬಿಟ್ಟುಕೊಂಡು ನೋಡಿದಳು.

“ಅತ್ತಿಗೆ, ಗಾದಿ ಇಲ್ಲಿದೆ. ನೀನು ಗೋಡೇನ ಕಟ್ಟಿದೀಯ!”

ಹೌದಲ್ಲ! ಅತ್ತಿಗೆ ಗಡಿಬಿಡಿಯಲ್ಲಿ ಹೆಬ್ಬೆರಳಿಂದ ನೂಕಿದಳು. ಎರಡೂ ಹಗ್ಗದ ಬಣ್ಣ ಒಂದೇ. ಸರಕ್ಕನೆ ಬಿಚ್ಚಿಕೊಂಡದ್ದು ಗಂಡನದು. ಒದ್ದೆ ದುಪ್ಪಟಿ ನಾದಿನಿಯ ತಲೆ ಮೇಲೆ ಬಿತ್ತು.

ನಾದಿನಿ ದುಪ್ಪಟಿ ಸರಿಸಿ ಕೊಕ್ಕೆಯತ್ತ ನೋಡಿದಳು.

ಕೊಕ್ಕೆಯಲ್ಲಿ ಅತ್ತಿಗೆಯದು ಮಾತ್ರ ಉಳಿದಿತ್ತು. ಅವಳು ಗಂಡನ ಹಗ್ಗದ ತುದಿ ಎತ್ತಿಕೊಂಡಳು. ಈಗ ಅದು ಅವಳದರ ಬೆನ್ನು ಹತ್ತಿತು. ಸುತ್ತಿತು, ಎದ್ದಿತು, ಬಳಸಿತು, ಇಳಿಯಿತು. ಅತ್ತಿಗೆ ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದಳು. ಕೂದಲೆಳೆಯಷ್ಟೂ ಜಾರಲಿಲ್ಲ.

“ಅವರದೇ ಕಣೇ! ಥೇಟ್ ಅವರದೇ!” ಅತ್ತಿಗೆ ಕಣ್ಣೊರೆಸಿಕೊಂಡು ಎದೆಯುಬ್ಬಿಸಿದಳು. “ಬಾ, ಈಗ ಗಾದಿ ಏರಿಸೋಣ!”

ಉತ್ತರ ಮಹಡಿಯಿಂದ ಬಂತು.

“ಸುತ್ತಿ ತಂದು ಹಾಸಿಯೂ ಆಯ್ತು ಅತ್ತಿಗೆ! ಯಾವತ್ತಾದ್ರೂ ಗಾದಿಗೆ ಹಗ್ಗ ಹಾಕಿದ್ನಾ ಅಣ್ಣ?”